ಕೋಟಿನವನ ಮಾತಿಗೆ ನನ್ನ ವ್ಯಾಖ್ಯಾನ

ಒಂದು ಊರಿನಲ್ಲಿ ಒಂದು ವಿದ್ಯೆ ಒಬ್ಬನಿಗೇ ಗೊತ್ತಿದ್ದರೆ, ಅದು ಅವನಿಗೆ ನಿಜವಾಗಿ ಗೊತ್ತಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವವರು ಯಾರು? ಈ ಒಂದು ಅನುಕೂಲವನ್ನು ನೆಚ್ಚಿಕೊಂಡು ನಾನು ಅರಕಲಗೂಡಿನಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಮೇಷ್ಟ್ರಾಗಿ ನೆಮ್ಮದಿಯಾಗಿ ಬಾಳಿದೆ. ಪಂಪ್‌ಸೆಟ್ಟಿನ ಜೊತೆ ಬರುವ ಕಾಗದ, ಔಷಧಿ ಬಾಟಲಿಯ ಮೇಲಿನ ಚೀಟಿ, ಗೊಬ್ಬರದ ಚೀಲದ ಬರಹ, ಎಲ್ಲವೂ ನನ್ನ ಜಗಲಿಗೇ ಬರುತ್ತಿದ್ದವು. ಯಾರ ಮನೆಗಾದರೂ ತಂತಿ ಬಂದರೆ ಮನೆಯವರು ಮೊದಲು ನನ್ನ ಹತ್ತಿರ ತಂದು, ಅಳಬೇಕೋ ಬೇಡವೋ ಎಂದು ಕೇಳಿ ತಿಳಿದುಕೊಂಡು ಹೋಗುತ್ತಿದ್ದರು. ಇಷ್ಟೆಲ್ಲ ಇದ್ದರೂ, "ಮೇಷ್ಟ್ರೇ, ನೀವು ಯಾವತ್ತಾದರೂ ಒಬ್ಬ ಇಂಗ್ಲಿಷಿನವನು ಬಾಯಿಬಿಟ್ಟು ಮಾತಾಡಿದ್ದನ್ನು ಕೇಳಿದೀರಾ?" ಎಂದು ಒಬ್ಬರೂ ಕೇಳಲಿಲ್ಲ. ನಾನು ಕೇಳಿರಲಿಲ್ಲ. ನನಗೆ ಕಲಿಸಿದ ಮೇಷ್ಟ್ರೂ ಕೇಳಿರಲಿಲ್ಲ. ಅವರಿಗೆ ಕಲಿಸಿದವರು ಚಿಕ್ಕಂದಿನಲ್ಲಿ ಒಬ್ಬ ದೊರೆ ಕುದುರೆಯ ಮೇಲೆ ಹೋಗಿದ್ದನ್ನು ದೂರದಿಂದ ನೋಡಿದ್ದರಂತೆ. ಕುದುರೆ ಕೆನೆಯಿತಂತೆ, ದೊರೆ ಮಾತಾಡಲಿಲ್ಲವಂತೆ. ನಮ್ಮ ಗುರುಪರಂಪರೆಗೂ ಆಂಗ್ಲ ಭಾಷೆಗೂ ಇರುವ ಮುಖಾಮುಖಿ ಸಂಬಂಧ ಇಷ್ಟೇ.

ಈ ನೆಮ್ಮದಿಯ ಮೇಲೆ ಕಲ್ಲು ಎತ್ತಿ ಹಾಕಿಕೊಂಡವನು ನಾನೇ. ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಹಾಸನಕ್ಕೆ ಕೇಬಲ್ ಬಂದಿತ್ತು, ನಮ್ಮೂರಿಗೆ ಬಂದಿರಲಿಲ್ಲ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಹಾಸನದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಅವರು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವುದಕ್ಕೆ ಮುಂಚೆ ಹಿಂದಿನ ಸಂಜೆ ಕಂಡ ಫಾರಿನ್ ಚಾನೆಲ್ಲುಗಳನ್ನು ಬಿಚ್ಚುತ್ತಿದ್ದರು. ಒಂದು ದಿನ, "ನಿಮಗೇನು ಸ್ವಾಮಿ, ಇಂಗ್ಲಿಷ್ ಮೇಷ್ಟ್ರು. ನಮಗೆ ಚಿತ್ರ ಮಾತ್ರ ದಕ್ಕುತ್ತೆ, ನಿಮಗಾದ್ರೆ ಮಾತೂ ದಕ್ಕುತ್ತೆ" ಎಂದರು. ಪಾಪ, ಅದರಲ್ಲಿ ಕುಹಕವೇನೂ ಇರಲಿಲ್ಲ. ಆದರೆ ನಾನು ಉಬ್ಬಿಹೋದೆ. "ನಾನು ಕೇಬಲ್ಲಿಗೆಲ್ಲ ಕಾಯೋನಲ್ಲ. ಮನೆ ಮೇಲೇ ಡಿಶ್ ಹಾಕಿಸಿ ನೇರವಾಗಿ ಲಂಡನ್ನಿನಿಂದಲೇ ಕೇಳ್ತೀನಿ" ಎಂದುಬಿಟ್ಟೆ. ಸಂಜೆ ಮನೆ ತಲುಪುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ನನ್ನ ಹೆಂಡತಿ ಕಮಲ ಬಾಗಿಲಲ್ಲೇ ನಿಂತು, "ಹಾಕ್ಸೋದು ಹಾಕ್ಸಿ. ಸಂಡಿಗೆ ಒಣಗಿಸೋಕೆ ತಾರಸಿ ಮೇಲೆ ನನಗೊಂದಿಷ್ಟು ಜಾಗ ಬಿಡಿ" ಎಂದಳು.

ಸಂಕ್ರಾಂತಿ ಕಳೆದ ಮೇಲೆ ಹಾಸನದ ವರ್ಕ್‌ಶಾಪೊಂದರಲ್ಲಿ ಡಿಶ್ ತಯಾರಾಯಿತು. ಈಗಿನ ತಟ್ಟೆಯಷ್ಟು ಡಿಶ್ ಅಲ್ಲ ಅದು. ಹತ್ತು ಅಡಿ ಅಗಲದ ತಂತಿಬಲೆಯ ಬೋಗುಣಿ. ಬಸ್ಸಿನ ಟಾಪಿನ ಮೇಲೆ ಮಗುಚಿ ಹಾಕಿ ಕಟ್ಟಿದಾಗ ಬಸ್ಸಿಗೇ ಛತ್ರಿ ಹಿಡಿದ ಹಾಗಿತ್ತು. ದಾರಿಯುದ್ದಕ್ಕೂ ಪ್ರತಿ ಸ್ಟಾಪಿನಲ್ಲೂ ಜನ ಅದನ್ನು ನೋಡಿ ಚರ್ಚೆ ಮಾಡಿದರು. ಆಲೆಮನೆಯ ಕೊಪ್ಪರಿಗೆ ಅನ್ನೋಣವೆಂದರೆ ಮೈಯೆಲ್ಲ ತೂತು. ಜರಡಿ ಅನ್ನೋಣವೆಂದರೆ ಗಾತ್ರ. ಒಬ್ಬ ಮುದುಕ ಮಾತ್ರ ಬಹಳ ಹೊತ್ತು ದಿಟ್ಟಿಸಿ ನೋಡಿ, "ಕೋಳಿ ಕವುಚಾಕಕ್ಕೆ ಇಷ್ಟು ದೊಡ್ಡದ್ಯಾಕ್ ಬೇಕಿತ್ತು?" ಎಂದು ಕೇಳಿದ. ನಾನು ಕಿಟಕಿಯ ಪಕ್ಕ ಕೂತು, ಆ ಸಾಮಾನಿಗೂ ನನಗೂ ಸಂಬಂಧವಿಲ್ಲದವನಂತೆ ಪೇಪರು ಓದುತ್ತಿದ್ದೆ.

ಡಿಶ್ ನಿಲ್ಲಿಸಲು ಬಂದವನು ನಂಜುಂಡ ಎಂಬ ಮೆಕ್ಯಾನಿಕ್ಕು. ಅವನು ಅದಕ್ಕೆ ಮುಂಚೆ ಚನ್ನರಾಯಪಟ್ಟಣದಲ್ಲಿ ಒಂದೇ ಒಂದು ಡಿಶ್ ನಿಲ್ಲಿಸಿದ್ದ. ಅಲ್ಲಿ ಚಿತ್ರ ಬರದೆ ಧ್ವನಿ ಮಾತ್ರ ಬಂದು, ಮನೆಯವರು ಅದನ್ನು ರೇಡಿಯೋ ಹಾಗೆ ಬಳಸುತ್ತಿದ್ದರಂತೆ. ಇದನ್ನು ಅವನು ಹೇಳಿದ್ದು ಕೆಲಸ ಮುಗಿದ ಮೇಲೆ. ಲಂಡನ್ ಚಾನೆಲ್ ಬೇಕಾದರೆ ಡಿಶ್ಶು ಮೂಡಲಿಗೆ ಸ್ವಲ್ಪ ಓರೆಯಾಗಿ ನೋಡಬೇಕಂತೆ. ನಮ್ಮ ಮೂಡಲಿಗೆ ಪಕ್ಕದ ಮನೆಯ ವೆಂಕಟರಮಣಯ್ಯನವರ ತೆಂಗಿನಮರ ಗರಿ ಹರಡಿಕೊಂಡು ನಿಂತಿತ್ತು. ವೆಂಕಟರಮಣಯ್ಯನವರು ಹೆಸರಾದ ಗಮಕಿಗಳು. ಕಾವ್ಯವನ್ನು ರಾಗವಾಗಿ ಹಾಡಲು ಕೂತರೆ ಇಡೀ ಬೀದಿ ತಲೆದೂಗಬೇಕು. ಅಂಥವರ ಮರಕ್ಕೆ ಕತ್ತಿ ಹಾಕಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. "ಮರ ಅಡ್ಡ ಆದ್ರೇನ್ ಸಾ, ಪಕ್ಕಕ್ಕೆ ತಿರುಗ್ಸಿ ಉಡುಕ್ತೀನಿ. ಆಕಾಸ ಏನ್ ಒಂದೇ ಕಡೆ ಐತಾ?" ಎಂದ ನಂಜುಂಡ. ಅವನು ತಾರಸಿಯ ಮೇಲೆ ಡಿಶ್ ತಿರುಗಿಸುವುದು, ನಾನು ಮೆಟ್ಟಿಲ ಮೇಲೆ ನಿಂತು "ಬಂತಾ?" ಎಂದು ಕೂಗುವುದು, ಕಮಲ ಟೀವಿಯ ಮುಂದೆ ನಿಂತು "ಇಲ್ಲ" ಎನ್ನುವುದು, ಹೀಗೆ ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಕಾಫಿಯವರೆಗೆ ನಡೆಯಿತು. ಡಿಶ್ಶು ತಿರುಗುತ್ತಾ ತಿರುಗುತ್ತಾ ದಕ್ಷಿಣಕ್ಕೆ ಮುಖ ಮಾಡಿದಾಗ ಅಂಗಳದಲ್ಲಿದ್ದ ನಮ್ಮಮ್ಮ, "ಯಮನ ದಿಕ್ಕಿಗೆ ಯಾಕೋ ಬಾಯಿ ತೆರೆಸಿದೀಯಾ ಅದನ್ನ?" ಎಂದರು. ಅದೇ ಹೊತ್ತಿಗೆ ಕಮಲ ಕೂಗಿದಳು: "ಬಂತು ರೀ. ಯಾರೋ ಬೆಳ್ಳಗಿರೋನು ಕೋಟು ಹಾಕ್ಕೊಂಡು ಕೂತಿದಾನೆ."

"ಏನಂತಾನೆ?" ಎಂದೆ. "ನನಗೇನ್ ಗೊತ್ತು, ನೀವೇ ಬಂದು ಕೇಳಿ, ಇಂಗ್ಲಿಷು" ಎಂದಳು. ಅಲ್ಲಿಗೆ ಅದು ಇಂಗ್ಲಿಷ್ ಎಂದು ತೀರ್ಮಾನವಾಗಿಹೋಯಿತು. ನಾನು ಕೆಳಗಿಳಿಯುವಷ್ಟರಲ್ಲಿ ನಂಜುಂಡ ಡಿಶ್ಶಿನ ಕಾಲಿಗೆ ಸಿಮೆಂಟು ಸುರಿದು, "ಇನ್ನು ಆನೆ ಬಂದ್ರೂ ಅಳ್ಳಾಡಲ್ಲ ಸಾ" ಎಂದು ಕೈ ತೊಳೆದುಕೊಂಡ.

ಆ ಸಂಜೆ ನಮ್ಮ ಹಾಲಿನಲ್ಲಿ ಬೀದಿಗೆ ಬೀದಿಯೇ ಸೇರಿತು. ವೆಂಕಟರಮಣಯ್ಯನವರು ಶಾಲು ಹೊದ್ದು ಬಂದು, ಒಂದು ನಿಮಿಷದಲ್ಲಿ ವ್ಯವಸ್ಥೆಯನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು. "ಇದೇನು ನಮಗೆ ಹೊಸದಲ್ಲ ಮೇಷ್ಟ್ರೇ. ಗಮಕದಲ್ಲಿ ಒಬ್ಬ ಓದ್ತಾನೆ, ಒಬ್ಬ ವ್ಯಾಖ್ಯಾನ ಮಾಡ್ತಾನೆ. ಇಲ್ಲಿ ಕೋಟಿನವನು ಓದಲಿ, ನೀವು ಅರ್ಥ ಹೇಳಿ" ಎಂದು ಟೀವಿಯ ಬಲಗಡೆ ನನಗೊಂದು ಮಣೆ ಹಾಕಿಸಿದರು, ಪಕ್ಕದಲ್ಲಿ ಒಂದು ಲೋಟ ಮೆಣಸಿನ ಹಾಲು ಇಡಿಸಿದರು. ಒಂದೇ ತೊಡಕು. ಗಮಕಿಯಾದರೆ ಒಂದು ಪದ್ಯ ಹಾಡಿ ನಿಲ್ಲಿಸುತ್ತಾನೆ. ಈ ಕೋಟಿನವನು ನಿಲ್ಲಿಸುವ ಪೈಕಿಯಲ್ಲ. ಅದಕ್ಕೂ ಅವರೇ ದಾರಿ ಹುಡುಕಿದರು. ಕಮಲ ಟೀವಿಯ ಹತ್ತಿರ ಕೂರಬೇಕು. ಸ್ವಲ್ಪ ಹೊತ್ತು ಓದಿಸಿ ಧ್ವನಿ ಇಳಿಸಬೇಕು. ನಾನು ಅರ್ಥ ಹೇಳಿ ಮುಗಿಸಿದ ಮೇಲೆ ಮತ್ತೆ ಏರಿಸಬೇಕು.

ಕಮಲ ಧ್ವನಿ ಏರಿಸಿದಳು. ಕೋಟಿನವನು ಮಾತಾಡಿದ. ನಾನು ಕಿವಿಯನ್ನು ಟೀವಿಗೆ ಹೆಚ್ಚುಕಡಿಮೆ ಅಂಟಿಸಿ ಕೂತಿದ್ದೆ. ದೇವರಾಣೆಗೂ ಒಂದು ಪದ ಅರ್ಥವಾಗಲಿಲ್ಲ. ಒಂದು "ದಿ" ಇಲ್ಲ, ಒಂದು "ಆ್ಯಂಡ್" ಇಲ್ಲ. ತೆರೆಯ ತುಂಬಾ ಬಿಳಿ ಚುಕ್ಕೆಗಳು ಹಾರಾಡುತ್ತಿದ್ದರಿಂದ ಕೆಳಗೆ ಬರುತ್ತಿದ್ದ ಅಕ್ಷರಗಳೂ ಕಾಣುತ್ತಿರಲಿಲ್ಲ. ನನಗೆ ಆಗ ಹೊಳೆದದ್ದು ಒಂದೇ: ನಿಜವಾದ ಇಂಗ್ಲಿಷ್ ಅಂದರೆ ಇದು. ಹಾಗಾದರೆ ನಾನು ಹದಿನೆಂಟು ವರ್ಷ ಈ ಊರಿನ ಮಕ್ಕಳಿಗೆ ಕಲಿಸಿದ್ದೇನು? ನನಗಾದ ನಾಚಿಕೆಯನ್ನು ಈಗ ಹೇಳಿಕೊಳ್ಳುವುದು ಸುಲಭ. ಅವತ್ತು ಆ ಮಣೆಯಡಿಯಲ್ಲಿ ಭೂಮಿ ಬಿರಿದಿದ್ದರೆ ನಾನು ಸಂತೋಷವಾಗಿ ಇಳಿದುಹೋಗುತ್ತಿದ್ದೆ. ಭೂಮಿ ಬಿರಿಯಲಿಲ್ಲ. ಕಮಲ ಧ್ವನಿ ಇಳಿಸಿದಳು. ನಲವತ್ತು ಜೋಡಿ ಕಣ್ಣು ನನ್ನ ಕಡೆ ತಿರುಗಿದವು.

"ಅಂದರೆ ಏನಪ್ಪಾ ಅಂದರೆ..." ಎಂದು ಶುರುಮಾಡಿದೆ.

ಚಿತ್ರದಲ್ಲಿ ಜನ ಹಿಮದಲ್ಲಿ ಉದ್ದಕ್ಕೂ ಸಾಲು ನಿಂತಿದ್ದರು. ನ್ಯಾಯಬೆಲೆ ಅಂಗಡಿಗೆ ಸಾಮಾನು ಬಂದಿಲ್ಲ, ಬರುತ್ತೆ ಎಂದು ಹೇಳಿ ಕಾಯಿಸುತ್ತಿದ್ದಾರೆ ಎಂದೆ. ಜನಕ್ಕೆ ಬಹಳ ಸಮಾಧಾನವಾಯಿತು. "ಅಲ್ಲೂ ಹಾಗೇನಾ?" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಂದು ಹೆಣ್ಣು ಕಾಲಿನ ಹೆಬ್ಬೆರಳಿನ ಮೇಲೆ ನಿಂತು ಗಿರಗಿರ ತಿರುಗಿದಳು. ನೆಲ ತಣ್ಣಗೆ ಕೊರೆಯುವುದರಿಂದ ಅಲ್ಲಿಯವರು ಪೂರ್ತಿ ಪಾದ ಊರುವುದಿಲ್ಲ ಎಂದೆ. ನಮ್ಮಮ್ಮ "ಪಾಪ" ಎಂದರು. ಒಂದು ಸಲ ಸುಳ್ಳಿಗೆ ದಾರಿ ಸಿಕ್ಕಿದ ಮೇಲೆ ನಾಲಿಗೆ ತಾನಾಗಿಯೇ ಓಡಿತು. ವೆಂಕಟರಮಣಯ್ಯನವರು ಕೊನೆಗೆ, "ಅವನು ನಾಲ್ಕು ಮಾತು ಆಡಿದರೆ ನೀವು ನಲವತ್ತು ಮಾತಿನ ಅರ್ಥ ತೆಗೀತೀರಿ. ವ್ಯಾಖ್ಯಾನ ಅಂದ್ರೆ ಅದು" ಎಂದು ಬೆನ್ನು ತಟ್ಟಿದರು.

ದಿನಾ ಸಂಜೆ ಇದು ನಡೆಯತೊಡಗಿತು. ಸುದ್ದಿ ಹಬ್ಬಿ ಕೊಣನೂರು ಕಡೆಯಿಂದ ಪುಟ್ಟೇಗೌಡರು ಎಂಬುವರು ಬರತೊಡಗಿದರು. ಹೊಗೆಸೊಪ್ಪು ಬೆಳೆಯುವವರು. ನಮ್ಮ ಸೊಪ್ಪೆಲ್ಲ ಫಾರಿನ್ನಿಗೆ ಹೋಗುತ್ತದೆ, ಆದ್ದರಿಂದ ಫಾರಿನ್ನಿನವನು ಅದರ ವಿಷಯ ಹೇಳಿಯೇ ಹೇಳುತ್ತಾನೆ ಎಂಬುದು ಅವರ ಲೆಕ್ಕಾಚಾರ. ಬಾಗಿಲ ಹತ್ತಿರ ಕೂತು, ಕಮಲ ಧ್ವನಿ ಇಳಿಸಿದಾಗಲೆಲ್ಲ, "ಸಾ, ಒಗೆಸೊಪ್ಪಿನ ಇಸ್ಯ ಏನಾರ ಅಂದ್ನಾ?" ಎಂದು ಕೇಳುವರು. ಎಂಟು ದಿನ "ಇಲ್ಲ ಗೌಡರೇ" ಎಂದೆ. ಒಂಬತ್ತನೇ ದಿನ ಚಿತ್ರದಲ್ಲಿ ಒಬ್ಬ ಸಿಗರೇಟು ಸೇದುತ್ತಾ ನಕ್ಕ. ಗೌಡರ ಮುಖ ನೋಡಿ ನನ್ನ ಮನಸ್ಸು ಕರಗಿತು. "ನಮ್ಮ ಕಡೆ ಸೊಪ್ಪು ಬಹಳ ಚೆನ್ನಾಗಿದೆ, ಇನ್ನೂ ಬೇಕು ಅಂತಾನೆ" ಎಂದುಬಿಟ್ಟೆ. ಗೌಡರು ಎದ್ದು ನಿಂತರು. "ಅಂಗಾರೆ ಈ ಸಲ ಸುಂಠಿ ಬ್ಯಾಡ ಸಾ. ಇರೋ ಒಲಕ್ಕೆಲ್ಲ ಒಗೆಸೊಪ್ಪೇ ಆಕ್ಬುಡ್ತೀನಿ" ಎಂದು ಹೊರಟೇಹೋದರು.

ಅಲ್ಲಿಯವರೆಗೆ ನನ್ನ ಸುಳ್ಳು ಹಾಲಿನೊಳಗೆ ಇತ್ತು, ಈಗ ಹೊಲಕ್ಕೆ ಇಳಿದಿತ್ತು. ಮಾರನೆಯ ಸಂಜೆ ಗೌಡರು ಬರುವುದನ್ನೇ ಕಾದಿದ್ದು, ಕೋಟಿನವನ ಬಾಯಿಯಿಂದ ಶುಂಠಿಯ ಗುಣಗಾನ ಮಾಡಿಸಿದೆ. ಗೌಡರು ಹುಬ್ಬು ಗಂಟಿಕ್ಕಿದರು. "ನಿನ್ನೆ ಅಂಗಂದ, ಇವತ್ತು ಇಂಗಂತಾನೆ. ಈ ಕೋಟಿನೋನು ನ್ಯಾಯವಾದ ಮನುಸ ಅಲ್ಲ ಕಣ್ ಸಾ. ನೀವು ಇದ್ದಂಗೆ ಏಳ್ತೀರಿ, ಪಾಪ, ನಿಮ್ದೇನ್ ತಪ್ಪು?" ಎಂದರು. ಕೊನೆಗೆ ಅವನ ಮಾತು ಅರ್ಧ ನಂಬಿ, ಅರ್ಧ ಹೊಲಕ್ಕೆ ಶುಂಠಿ, ಅರ್ಧ ಹೊಲಕ್ಕೆ ಹೊಗೆಸೊಪ್ಪು ಹಾಕಿದರು. ಆ ಬೆಳೆ ಕೈಗೆ ಬರುವವರೆಗೂ ನಾನು ಕೊಣನೂರು ಬಸ್ ಕಂಡರೆ ತಲೆ ತಗ್ಗಿಸಿಕೊಂಡು ಓಡಾಡಿದೆ.

ಹೀಗೆ ಐದು ತಿಂಗಳು ಕಳೆಯಿತು. ಜೂನ್ ತಿಂಗಳಲ್ಲಿ ಹೊಳೆನರಸೀಪುರದಿಂದ ಕಾಗದ ಬಂತು. ಅದು ಕಮಲಳ ತವರು. ಅವಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ ಶ್ರೀಧರ, ರಜಕ್ಕೆ ಬಂದಿದ್ದಾನೆ, ಶನಿವಾರ ನಮ್ಮಲ್ಲಿಗೆ ಬರುತ್ತಾನೆ, ಭಾವನವರ ವ್ಯಾಖ್ಯಾನ ಕೇಳಬೇಕಂತೆ. ಶ್ರೀಧರ ಉತ್ತರ ಭಾರತದಲ್ಲಿ, ರಷ್ಯಾದವರು ಕಟ್ಟಿಕೊಟ್ಟ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ಊರೂರು ಸುತ್ತಿದವನು, ನಿಜವಾದ ಇಂಗ್ಲಿಷ್ ಕೇಳಿದವನು. ಅದು ಸಾಲದು ಎಂಬಂತೆ ಪ್ರತಿ ಮದುವೆಮನೆಯಲ್ಲೂ, "ನಾನು ರಷ್ಯನ್ನರ ಜೊತೆ ರಷ್ಯನ್ ಭಾಷೇಲೇ ಮಾತಾಡೋದು" ಎಂದು ಹೋಳಿಗೆ ಬಡಿಸುವವರನ್ನೂ ನಿಲ್ಲಿಸಿ ಹೇಳುವವನು. ಅವನ ಮುಂದೆ ನನ್ನ ಬಂಡವಾಳ ಬಯಲಾದರೆ ಅರಕಲಗೂಡಿನಲ್ಲೂ ಮುಖವಿಲ್ಲ, ಹೊಳೆನರಸೀಪುರದಲ್ಲೂ ಮುಖವಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವನೇ ತಾರಸಿ ಹತ್ತಿದೆ. ಡಿಶ್ಶನ್ನು ಒಂದು ಗೇಣು ಪಕ್ಕಕ್ಕೆ ತಳ್ಳಿದರೆ ಸಾಕು, ಚಿತ್ರ ಹೋಗುತ್ತದೆ, ನನ್ನ ಮಾನ ಉಳಿಯುತ್ತದೆ. ತಳ್ಳಿದೆ. ಅಲ್ಲಾಡಲಿಲ್ಲ. ನಂಜುಂಡನ ಕೆಲಸದಲ್ಲಿ ಗಟ್ಟಿಯಾಗಿದ್ದದ್ದು ಆ ಸಿಮೆಂಟೊಂದೇ. ಪಂಚೆ ಎತ್ತಿ ಕಟ್ಟಿ, ಡಿಶ್ಶಿನ ಅಂಚು ಹಿಡಿದು, ಕಾಲು ಮೇಲೆತ್ತಿ ಬಾವಲಿಯ ಹಾಗೆ ಜೋತುಬಿದ್ದೆ. ಬುಡದಲ್ಲಿ ಏನೋ ಲಟಕ್ ಎಂದು ಬಿರುಕು ಬಿಟ್ಟಿತು. ಡಿಶ್ಶು ನಾಲ್ಕು ಬೆರಳು ವಾಲಿತು. ಕೆಳಗಿನಿಂದ ಕಮಲ ಕೂಗಿದಳು: "ರೀ, ಅದೇನ್ ಮಾಡಿದ್ರಿ? ಚುಕ್ಕೆ ಎಲ್ಲ ಹೋಗಿ ಬೆಳ್ಳಗೆ ಬಂತು ನೋಡಿ. ಇಷ್ಟು ದಿನ ಯಾಕ್ರೀ ಹೀಗೆ ಮಾಡ್ಲಿಲ್ಲ?"

ಇಳಿದು ಬಂದು ನೋಡಿದೆ. ಐದು ತಿಂಗಳಲ್ಲಿ ಮೊದಲ ಸಲ ಕೋಟಿನವನ ಕೆಳಗೆ ಅಕ್ಷರಗಳು ಕಾಣುತ್ತಿದ್ದವು. 'ಆರ್' ಹಿಂದುಮುಂದಾಗಿ ನಿಂತಿತ್ತು. 'ಎನ್' ಕೂಡ ಹಾಗೇ. ಡಿಶ್ಶನ್ನು ಜಗ್ಗಿದ್ದರಿಂದ ಚಿತ್ರವೇ ಮಗುಚಿಕೊಂಡಿದೆ ಎಂದುಕೊಂಡು, ಗೋಡೆಯ ಕನ್ನಡಿ ಬಿಚ್ಚಿ ತಂದು ಟೀವಿಯ ಎದುರು ಹಿಡಿದೆ. ಕನ್ನಡಿಯಲ್ಲಿ 'ಆರ್', 'ಎನ್' ಎರಡೂ ಸರಿಹೋದವು, ಮಿಕ್ಕವು ಕೆಟ್ಟವು. ಒಂದು ಅಕ್ಷರವಂತೂ ಯಾವ ಕಡೆಯಿಂದ ನೋಡಿದರೂ ಅಂಗಾತ ಬಿದ್ದ ಜಿರಳೆಯ ಹಾಗೇ ಇತ್ತು. ಆ ಜಿರಳೆಯನ್ನು ಎಲ್ಲೋ ನೋಡಿದ್ದೆ. ನಮ್ಮ ಶಾಲೆಯ ಲೈಬ್ರರಿಯಲ್ಲಿ, ಅಗ್ಗಕ್ಕೆ ಬಂದ ದಪ್ಪ ರಟ್ಟಿನ ರಷ್ಯಾದ ಪುಸ್ತಕಗಳ ಮೊದಲ ಹಾಳೆಯಲ್ಲಿ. ಕನ್ನಡಿ ಹಿಡಿದುಕೊಂಡೇ ಕುಸಿದು ಕೂತೆ. ಮೊದಲು ಬಂದದ್ದು ಭಯವಲ್ಲ, ಸಂತೋಷ. ಇದು ಇಂಗ್ಲಿಷೇ ಅಲ್ಲ. ಹಾಗಾದರೆ ನನಗೆ ಇಂಗ್ಲಿಷ್ ಬರುತ್ತದೆ. ನನ್ನ ಹದಿನೆಂಟು ವರ್ಷ ನನಗೆ ವಾಪಸ್ಸು ಸಿಕ್ಕಿತ್ತು. ಎದ್ದು ಕುಣಿಯಬೇಕು ಎನ್ನಿಸಿತು. ಎರಡನೆಯ ಗಳಿಗೆಗೆ, ಹಾಗಾದರೆ ಐದು ತಿಂಗಳಿಂದ ನಾನು ಅರ್ಥ ಹೇಳಿದ್ದು ಯಾವುದಕ್ಕೆ ಎಂಬುದು ಹೊಳೆಯಿತು. ಮೂರನೆಯ ಗಳಿಗೆಗೆ ಬಾಗಿಲಲ್ಲಿ, "ಭಾವ ಇದಾರಾ?" ಎಂಬ ಶ್ರೀಧರನ ದನಿ ಕೇಳಿಸಿತು.

ಸಂಜೆ ಸಭೆ ತುಂಬಿತು. ಮಣೆ, ಮೆಣಸಿನ ಹಾಲು, ಎಲ್ಲ ಯಥಾಪ್ರಕಾರ. ಶ್ರೀಧರನಿಗೆ ಮುಂದುಗಡೆ ಕುರ್ಚಿ. ಕಮಲ ಧ್ವನಿ ಏರಿಸಿದಳು. ಅವನು ಎರಡು ನಿಮಿಷ ಕೇಳಿ ಕಾಲಿನ ಮೇಲೆ ಕಾಲು ಹಾಕಿಕೊಂಡು, "ಇದು ಇಂಗ್ಲಿಷ್ ಅಲ್ಲ ಭಾವ. ರಷ್ಯನ್" ಎಂದ.

ಕಮಲಳ ಕೈ ತಾನಾಗಿಯೇ ಧ್ವನಿ ಇಳಿಸಿತು. ನಾನು ಮಣೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದೆ. ಎಲ್ಲವನ್ನೂ ಒಪ್ಪಿಕೊಂಡುಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ವೆಂಕಟರಮಣಯ್ಯನವರು ನಿಧಾನವಾಗಿ ಶಾಲು ಸರಿಮಾಡಿಕೊಂಡರು. "ಅಂದರೆ, ಐದು ತಿಂಗಳಿಂದ ಮೇಷ್ಟ್ರು ನಮಗೆ ಹೇಳ್ತಾ ಇದ್ದದ್ದು ರಷ್ಯನ್ ಭಾಷೆಯ ಅರ್ಥ. ನನಗೆ ಆ ಭಾಷೇನೂ ಬರುತ್ತೆ ಅಂತ ಒಂದು ದಿನವಾದರೂ ಬಾಯಿಬಿಟ್ಟು ಹೇಳಿಕೊಂಡರಾ? ವಿದ್ವತ್ತು ಅಂದರೆ ಇದು. ವಿನಯ ಅಂದರೆ ಇದು" ಎಂದು ಎರಡೂ ಕೈ ಜೋಡಿಸಿದರು. ಬಾಗಿಲ ಹತ್ತಿರದಿಂದ ಪುಟ್ಟೇಗೌಡರು, "ಎಲ್ಡೆಲ್ಡು ಭಾಸೆ ಮಡೀಕಂಡು ಏನೂ ಬರ್ದೇ ಇರೋರಂಗೆ ಕುಂತಿದ್ರಲ್ಲ ಸಾ" ಎಂದರು. ಹಾಗೆಂದವರೇ ಶ್ರೀಧರನ ಕಡೆ ತಿರುಗಿ, "ಬುದ್ದೀ, ನೀವೂ ಆ ಭಾಸೆ ಬಲ್ಲೋರು. ನಮ್ ಮೇಷ್ಟ್ರು ಏಳೋದು ಸರಿಯಾಗೈತಾ ಅಂತ ಒಸಿ ಕೇಳಿ ಏಳಿ. ನಮ್ದು ಅರ್ಧ ಒಲ ಆ ಮಾತಿನ ಮ್ಯಾಲೆ ನಿಂತೈತೆ" ಎಂದು ಕೈ ಮುಗಿದರು.

ಗೌಡರ ಆ ಮುಖ ನೋಡಿ ನನಗೆ ಅಳು ಬಂತು. ಕಮಲ ಧ್ವನಿ ಏರಿಸಿದಳು, ಇಳಿಸಿದಳು. "ಅಂದರೆ ಏನಪ್ಪಾ ಅಂದರೆ, ಕಷ್ಟ ಇದೆ, ಜನ ಸಹಕಾರ ಕೊಡಬೇಕು, ಬೆಳೆ ಬೆಳೆದವನಿಗೆ ಮೋಸ ಆಗಬಾರದು ಅಂತಾನೆ" ಎಂದೆ. ಶ್ರೀಧರ ಕಣ್ಣು ಮುಚ್ಚಿಕೊಂಡು ಕೂತಿದ್ದ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ತಲೆಯಾಡಿಸಿದ. "ಸರಿಯಾಗಿದೆ. ಕೊನೇ ಮಾತನ್ನ ಅವನು ಇನ್ನೂ ಒಂಚೂರು ಒತ್ತಿ ಹೇಳಿದ, ಅಷ್ಟೇ" ಎಂದ. ಸಭೆ ಚಪ್ಪಾಳೆ ತಟ್ಟಿತು. ನಾನು ಮೆಣಸಿನ ಹಾಲನ್ನು ಒಂದೇ ಗುಟುಕಿಗೆ ಕುಡಿದೆ. ನನಗೆ ಗೊತ್ತಿಲ್ಲದೆಯೇ ನನಗೆ ರಷ್ಯನ್ ಬಂದುಬಿಟ್ಟಿದೆಯೇ ಎಂಬ ಅನುಮಾನ ಆ ಕ್ಷಣದಲ್ಲಿ ನನ್ನನ್ನು ನಿಜವಾಗಿಯೂ ಹಿಡಿದುಕೊಂಡಿತು.

ಮಾರನೆಯ ಬೆಳಿಗ್ಗೆ ಅವನನ್ನು ಹೊಳೆನರಸೀಪುರದ ಬಸ್ಸು ಹತ್ತಿಸಲು ಸ್ಟ್ಯಾಂಡಿಗೆ ಹೋದೆ. ಸುತ್ತ ಯಾರೂ ಇಲ್ಲದ್ದು ನೋಡಿ ಅವನು ಮೆಲ್ಲಗೆ, "ಭಾವ, ನಿಮ್ಮ ಹತ್ರ ಮುಚ್ಚುಮರೆ ಏನು. ಕಾರ್ಖಾನೇಲಿ ನನಗೆ ನಟ್ಟು, ಬೋಲ್ಟು, ಟೀ, ನಾಳೆ, ನಾಡಿದ್ದು, ಇಷ್ಟಕ್ಕೆ ಮಾತ್ರ ರಷ್ಯನ್ ಗೊತ್ತು. ನಿನ್ನೆ ಅವನು ಇದ್ಯಾವುದನ್ನೂ ಹೇಳಲೇ ಇಲ್ಲ. ಅಷ್ಟು ಜನದ ಮುಂದೆ ಏನು ಮಾಡಲಿ, ನಿಮ್ಮ ಮೇಲೆ ನಂಬಿಕೆ ಇಟ್ಟು ತಲೆ ಆಡಿಸಿದೆ. ನೀವು ಇದನ್ನ ಎಲ್ಲಿ ಕಲಿತಿರಿ?" ಎಂದು ಕೇಳಿದ. ಅವನು ನಿಜ ಹೇಳಿದ್ದ. ನಾನೂ ಹೇಳಬೇಕಾಗಿತ್ತು. "ಮನೇಲೇ ಕೂತು ಕೇಳಿ ಕೇಳಿ ಬಂತಪ್ಪ" ಎಂದೆ. ಅಷ್ಟರಲ್ಲಿ ಬಸ್ಸು ಬಂತು.

ಇಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು. ವೆಂಕಟರಮಣಯ್ಯನವರು ಸುಮ್ಮನಿರಲಿಲ್ಲ. "ರಷ್ಯನ್ನಿಗೇ ಇಷ್ಟು ಚೆನ್ನಾಗಿ ಅರ್ಥ ಹೇಳಿದೀರಿ. ಇನ್ನು ಇಂಗ್ಲಿಷ್ ಸಿಕ್ಕಿದರೆ ಕೇಳಬೇಕಾ?" ಎಂದು ಅಡ್ಡ ಯಾವುದೆಂದು ನಂಜುಂಡನನ್ನು ಕೇಳಿ ತಿಳಿದು, ತಾವಾಗಿಯೇ ಆಳು ಕರೆಸಿ ತಮ್ಮ ತೆಂಗಿನಮರದ ಗರಿ ಕಡಿಸಿದರು. ಬುಡ ಬಿರುಕು ಬಿಟ್ಟಿದ್ದ ಡಿಶ್ಶಿಗೆ ನಂಜುಂಡ ತಿರುಗುವ ಪೈಪು ಹಾಕಿ, ಕಂಬದ ಮೇಲೆ ಬಣ್ಣದಲ್ಲಿ ಎರಡು ಗುರುತು ಬಳಿದ. "ಅಸ್ರುಗೆ ತಿರುಗ್ಸಿದ್ರೆ ಲಂಡನ್ನು, ಕೆಂಪುಗೆ ತಿರುಗ್ಸಿದ್ರೆ ರಸ್ಯಾ. ನಿಮಗೆ ಎಲ್ಡೂ ಒಂದೇ ಅಲ್ವಾ ಸಾ" ಎಂದ.

ಮುಂದಿನ ಭಾನುವಾರ ಮಧ್ಯಾಹ್ನ, ಅಂದರೆ ಲಂಡನ್ನಿನ ಬೆಳಿಗ್ಗೆ, ಸಭೆ ಸೇರುವುದಕ್ಕೆ ಮುಂಚೆ ಒಂದು ಸಲ ನೋಡೋಣವೆಂದು ಹಸಿರಿಗೆ ತಿರುಗಿಸಿ ಕೆಳಗೆ ಬಂದೆ. ಕನ್ನಡಿಯಂತೆ ಸ್ವಚ್ಛವಾದ ಚಿತ್ರ. ಎಲ್ಲ ಅಕ್ಷರಗಳೂ ನನಗೆ ಗೊತ್ತಿದ್ದವೇ, ಎಲ್ಲವೂ ನೆಟ್ಟಗೆ ನಿಂತಿದ್ದವು. ಇನ್ನೊಬ್ಬ ಕೋಟಿನವನು, ನಿಜವಾದ ಇಂಗ್ಲಿಷಿನವನು, ನನ್ನ ಕಡೆ ನೋಡಿ "ಗುಡ್ ಮಾರ್ನಿಂಗ್" ಎಂದ. ನನಗೆ ಅರ್ಥವಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಅವನು ಮೂಟೆ ಬಿಚ್ಚಿ ರಾಗಿ ಸುರಿದ ಹಾಗೆ ಮಾತು ಸುರಿದ. ಕಾಲು ಗಂಟೆ ಕೇಳಿದೆ. ಗುಡ್ ಮಾರ್ನಿಂಗ್ ಬಿಟ್ಟರೆ ನನ್ನ ಕೈಗೆ ಒಂದು ಕಾಳೂ ಸಿಗಲಿಲ್ಲ.

ಅಭ್ಯಾಸಬಲದಿಂದ ಟೀವಿಯ ಪಕ್ಕವೇ ಕೂತಿದ್ದ ಕಮಲ ಧ್ವನಿ ಇಳಿಸಿ ನನ್ನ ಮುಖ ನೋಡಿದಳು. "ಏನಂತಾನೆ?" ಎಂದಳು. "ಗುಡ್ ಮಾರ್ನಿಂಗ್ ಅಂತಾನೆ" ಎಂದೆ. ಅವಳು ನಗಲೂ ಇಲ್ಲ, ಆಶ್ಚರ್ಯಪಡಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ಕೆಂಪಿಗೆ ನೀವೇ ಹೋಗಿ ತಿರುಗಿಸ್ತೀರಾ, ಇಲ್ಲ ನಾನೇ ಹೋಗಲಾ?" ಎಂದಳು. ಐದು ತಿಂಗಳು ಟೀವಿಯ ಧ್ವನಿಯ ತಿರುಪಿನ ಮೇಲೆ ಕೈ ಇಟ್ಟುಕೊಂಡು ಕೂತವಳಿಗೆ ಎಲ್ಲವೂ ಗೊತ್ತಿತ್ತು ಎಂಬುದು ನನಗೆ ಅವತ್ತು ತಿಳಿಯಿತು.

ನಾನೇ ಹೋಗಿ ತಿರುಗಿಸಿದೆ. ರಷ್ಯನ್ ಅರ್ಥವಾಗದಿದ್ದರೆ ಅದು ನನ್ನ ತಪ್ಪಲ್ಲವಲ್ಲ. ಲಂಡನ್ ಯಾಕೋ ಸರಿಯಾಗಿ ಸಿಗುತ್ತಿಲ್ಲ ಎಂದು ವೆಂಕಟರಮಣಯ್ಯನವರಿಗೆ ಹೇಳಿದೆ. ಪಾಪ, ಇನ್ನೆರಡು ಗರಿ ಕಡಿಸಿದರು. ಪುಟ್ಟೇಗೌಡರಿಗೆ ಆ ವರ್ಷ ಶುಂಠಿಯೂ ಕೈಬಿಡಲಿಲ್ಲ, ಹೊಗೆಸೊಪ್ಪೂ ಕೈಬಿಡಲಿಲ್ಲ. ನನಗೆ ಒಂದು ಚೀಲ ಶುಂಠಿ ತಂದುಕೊಟ್ಟು, ಕೋಟಿನವನ ಬಗ್ಗೆ ತಾವು ಕೆಟ್ಟದಾಗಿ ಮಾತಾಡಿದ್ದನ್ನು ಹಿಂದಕ್ಕೆ ತೆಗೆದುಕೊಂಡರು. ನಾನಂತೂ ಆ ಭಾನುವಾರದ ಮಾರನೆಯ ದಿನವೇ ಮೊದಲನೆಯ ಪೀರಿಯಡ್ಡಿಗೆ ಹತ್ತನೇ ತರಗತಿಗೆ ಹೋಗಿ, ಹದಿನೆಂಟು ವರ್ಷದಿಂದ ಹೇಳಿಕೊಡುತ್ತಿದ್ದ ಇಂಗ್ಲಿಷನ್ನೇ ಹೇಳಿಕೊಟ್ಟೆ. ಅದು ಮಕ್ಕಳಿಗೂ ಅರ್ಥವಾಯಿತು, ನನಗೂ ಅರ್ಥವಾಯಿತು.